ಆಯಸ್ಕಾಂತ ನಾಣ್ಯದಂತಲ್ಲ: ಒಂದು ಸ್ಪಷ್ಟನೆ

‘ಮಗು ಚಿಕ್ಕ ಆಯಸ್ಕಾಂತ ನುಂಗಿದರೆ ಗಾಬರಿ ಬೇಡ, ನಾಣ್ಯದಂತೆ ತಾನೇ ಹೊರಬೀಳುತ್ತದೆ’ ಎಂಬ ಸಂದೇಶ ಮೊಬೈಲ್‌ಗಳಲ್ಲಿ ಹರಿದಾಡುತ್ತಿದೆ. ಇದು ತಪ್ಪು, ಜೀವಕ್ಕೇ ಎರವಾಗಬಲ್ಲ ತಪ್ಪು. ನಾಣ್ಯ ಇನ್ನೊಂದು ನಾಣ್ಯವನ್ನು ಎಳೆಯುವುದಿಲ್ಲ; ನಿಯೋಡಿಮಿಯಂ ಎಂಬ ಲೋಹದಿಂದ ಮಾಡಿದ, ಬಲು ಶಕ್ತಿಯ ಪುಟ್ಟ ಆಯಸ್ಕಾಂತದ ಗುಂಡುಗಳು ಎಳೆಯುತ್ತವೆ. ಎರಡು ಗುಂಡುಗಳು, ಅಥವಾ ಒಂದು ಗುಂಡು ಮತ್ತು ಒಂದು ಕಬ್ಬಿಣದ ಚೂರು, ಕರುಳಿನ ಬೇರೆ ಬೇರೆ ಸುರುಳಿಗಳಲ್ಲಿದ್ದರೂ ಗೋಡೆಗಳಾಚೆಯಿಂದಲೇ ಸೆಳೆದು ಅಂಟಿಕೊಳ್ಳುತ್ತವೆ. ನಡುವೆ ಸಿಕ್ಕ ಕರುಳಿಗೆ ರಕ್ತ ಹರಿಯದೆ ಅದು ತೂತಾಗಬಹುದು. ಆರಂಭದಲ್ಲಿ ಕಾಣುವುದು ಬರಿಯ ವಾಂತಿ, ಹೊಟ್ಟೆನೋವು. ಅಜೀರ್ಣವೆಂದು ತಳ್ಳಿಹಾಕುವಷ್ಟು ಸಾಧಾರಣ. ‘ಒಂದೇ ನುಂಗಿದೆ’ ಎಂಬ ಮಾತನ್ನೂ ನೆಚ್ಚಬೇಡಿ: ಅಂಟಿಕೊಂಡ ಎರಡು ಗುಂಡುಗಳು ಎಕ್ಸ್‌ರೇಯಲ್ಲೂ ಒಂದಾಗಿ ಕಾಣಬಹುದು. ವಾಂತಿ ಮಾಡಿಸಬೇಡಿ, ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.

‘ದೊಡ್ಡ ಮಕ್ಕಳಿಗೆ ಭಯವಿಲ್ಲ’ ಎಂಬ ಸಾಲೂ ಸುಳ್ಳು. ನಕಲಿ ಆಭರಣವೆಂದು ಇವನ್ನು ಮೂಗಿಗೆ, ನಾಲಿಗೆಗೆ ಅಂಟಿಸಿಕೊಂಡು ನುಂಗಿಬಿಡುವವರು ಹೆಚ್ಚಾಗಿ ಅವರೇ.