ಸತ್ಯಾಂಶ: ಅಮೆರಿಕದ ಮಾಲ್‌ಗಳನ್ನು ಮುಚ್ಚಿಸಿದ್ದು ಅಮೆಜಾನ್ ಒಂದೇನಾ?

ಪಾಳುಬಿದ್ದ ಮಾಲ್‌ಗಳ ಫೋಟೋ ಜೊತೆ ಒಂದು ಸಂದೇಶ ಓಡಾಡುತ್ತಿದೆ: "ಅಮೆಜಾನ್ ಬಂತು, ಅಮೆರಿಕದ ಮಾಲ್‌ಗಳೆಲ್ಲ ಮುಚ್ಚಿದವು." ಗೆಳೆಯರ ಜೊತೆ ಅಲ್ಲಿ ಸುಮ್ನೆ ಸುತ್ತಾಡಿ ಬೆಳೆದವರಿಗೆ ಆ ಫೋಟೋ ನೋಡಿ ಸಂಕಟವಾಗುವುದು ಸಹಜ. ಆದರೆ ಸಂದೇಶ ಪೂರ್ತಿ ನಿಜವಲ್ಲ.

ಷಿಕಾಗೋ ಬಳಿಯ ಹಾರ್ವಿಯಲ್ಲಿ 1966ರಲ್ಲಿ ತೆರೆದ ಡಿಕ್ಸಿ ಸ್ಕ್ವೇರ್ ಮಾಲ್ 1978ರಲ್ಲೇ ಬಾಗಿಲು ಹಾಕಿತು. ಅಮೆಜಾನ್ ಶುರುವಾಗಿದ್ದು 1994ರಲ್ಲಿ, ಅದೂ ಪುಸ್ತಕ ಮಾರಲು.

ಅಲ್ಲಿ ಬೇಕಾದ್ದಕ್ಕಿಂತ ಜಾಸ್ತಿ ಮಾಲ್ ಕಟ್ಟಿದ್ದೇ ದೊಡ್ಡ ಕಾರಣ. ಹೊಸದು ಬಂದಾಗಲೆಲ್ಲ ಹಳೆಯದರ ಗಿರಾಕಿಗಳು ಅತ್ತ ಹೋದರು. ಇನ್ನೊಂದು ವಿಷಯ ನನಗೆ ಇನ್ನೂ ಮುಖ್ಯ ಅನ್ನಿಸುತ್ತದೆ. ಇಂಥ ಮಾಲ್‌ಗಳ ತುದಿಗಳಲ್ಲಿ ಸಾಮಾನ್ಯವಾಗಿ ದೊಡ್ಡ ಮಳಿಗೆಗಳಿರುತ್ತವೆ. ಜನ ಬರುವುದು ಅವಕ್ಕೆ. ನಡುವಿನ ಸಣ್ಣ ಅಂಗಡಿಗಳು ಬದುಕುವುದು ಆ ಓಡಾಟದಿಂದ. ದೊಡ್ಡ ಮಳಿಗೆ ಖಾಲಿಯಾದರೆ ಸಣ್ಣ ಅಂಗಡಿಯವರು ಬಾಡಿಗೆ ಇಳಿಸಿಕೊಳ್ಳಲು, ಇಲ್ಲವೇ ಬಿಟ್ಟುಹೋಗಲು ಎಷ್ಟೋ ಕರಾರುಗಳಲ್ಲೇ ಅವಕಾಶವಿದೆ. ಒಂದು ಹೋದರೆ ಉಳಿದವೂ ಹೊರಡುತ್ತವೆ. ಇಂಥ ದೊಡ್ಡ ಮಳಿಗೆಗಳನ್ನು ನಡೆಸುತ್ತಿದ್ದ ಕಂಪನಿಗಳಲ್ಲಿ ಸಿಯರ್ಸ್ 2018ರಲ್ಲಿ, ಜೆಸಿ ಪೆನ್ನಿ 2020ರಲ್ಲಿ ದಿವಾಳಿ ಅರ್ಜಿ ಹಾಕಿದವು. ಮಾಲ್‌ಗಳಿಗೆ ಅದು ಭಾರೀ ಪೆಟ್ಟು. ಆನ್‌ಲೈನ್ ವ್ಯಾಪಾರ ಈ ಪೆಟ್ಟನ್ನು ಜೋರು ಮಾಡಿತು, ಅದು ನಿಜ.

"ಎಲ್ಲ" ಅನ್ನುವುದೂ ತಪ್ಪು. ಅಮೆರಿಕದ ಮೊದಲ ಪೂರ್ತಿ ಒಳಾಂಗಣ, ಹವಾನಿಯಂತ್ರಿತ ಮಾಲ್ ಎಂದು ಹೆಸರಾದ ಮಿನ್ನೆಸೋಟದ ಸೌತ್‌ಡೇಲ್ 1956ರಲ್ಲಿ ತೆರೆಯಿತು. ಅದು ಇವತ್ತಿಗೂ ನಡೆಯುತ್ತಿದೆ.