ಹಿಮ್ಮೇಳಕ್ಕೂ ಫ್ಯಾನ್‌ಪಿಟ್

ಆ ಸಂಗೀತ ಕಾರ್ಯಕ್ರಮದ ಪೋಸ್ಟರ್ ನೀವೂ ನೋಡಿರುತ್ತೀರಿ. ನಾಲ್ಕು ಜನ ಬಾಯಿ ತೆರೆದು ನಿಂತಿದ್ದಾರೆ, ಹಲ್ಲಿನ ಡಾಕ್ಟರ್ ‘ಆ’ ಅನ್ನಿ ಎಂದ ಹಾಗೆ. ವೋಕಲ್ ಹಾರ್ಮನಿ (ಬೇರೆ ಬೇರೆ ಸ್ವರದ ದನಿಗಳು ಒಟ್ಟಿಗೆ ಹೊಂದಿ ಹಾಡುವುದು), ಕಾಮಿಡಿ, ಫೋಕ್-ಪಾಪ್ (ಜಾನಪದ ಬೆರೆತ ಪಾಪ್), ಎರಡು ತಂಡ, ಒಂದೇ ವೇದಿಕೆ. ಕೆಳಗೆ ದಪ್ಪ ಅಕ್ಷರದಲ್ಲಿ ‘ಇಂಥದ್ದು ನಮ್ಮಲ್ಲಿ ಇದೇ ಮೊದಲು’.

ಮೊದಲಂತೆ! ಉತ್ತರ ಕರ್ನಾಟಕದ ಜಾತ್ರೆಯಲ್ಲಿ ಗೀಗೀ ಪದ ಹಾಡುವ ಹರದೇಶಿ-ನಾಗೇಶಿ ಎಂಬ ಎದುರಾಳಿ ಮೇಳಗಳು ಇನ್ನೇನು ಮಾಡುತ್ತವೆ? ಹರದೇಶಿಯವರು ಗಂಡು ಹೆಚ್ಚು ಅಂತಾರೆ. ನಾಗೇಶಿಯವರು ಹೆಣ್ಣು ಹೆಚ್ಚು ಅಂತಾರೆ. ಕೈಯಲ್ಲಿ ದಪ್ಪು, ತುಂತುಣಿ, ತಾಳ. ಒಬ್ಬರು ಎತ್ತಿದ ಹಾಡಿಗೆ ಹಿಮ್ಮೇಳದವರು ಗೀ ಗೀ ಎಂದು ದನಿ ಕೂಡಿಸುತ್ತಾರೆ. ಬೆಳಗಿನ ತನಕ ಸವಾಲು, ಜವಾಬು, ಕಾಲೆಳೆತ. ಕೋಳಿ ಕೂಗಿದರೂ ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ತೀರ್ಮಾನ ಆಗುವುದಿಲ್ಲ, ಮನೆಯಲ್ಲಿ ಆಗದ ಹಾಗೆ. ಇನ್ನು ನಾಟಕಕಾರ ಕೈಲಾಸಂ ಒಂದು ಇಂಗ್ಲಿಷ್ ಹಾಡಿನ ಧಾಟಿಯನ್ನೇ ಎತ್ತಿಕೊಂಡು ತಮ್ಮ ಕನ್ನಡ ನಗೆಹಾಡಿನಲ್ಲಿ ಕೋಳೀಕೆ ರಂಗನನ್ನು ಕುಣಿಸಿಬಿಟ್ಟರು. ಅದಕ್ಕೆ ಫ್ಯೂಷನ್ ಎಂದು ಹೆಸರಿಡಲು ಅವರಿಗೆ ತೋಚಲಿಲ್ಲ, ಪಾಪ.

ನಮ್ಮ ಸಂಗೀತದಲ್ಲಿ ಹಾರ್ಮನಿ ಇಲ್ಲ ಎಂದು ಬಲ್ಲವರು ಹೇಳುತ್ತಾರೆ. ಅವರು ನಮ್ಮ ಬೀದಿಯ ಶನಿವಾರದ ಭಜನೆ ಕೇಳಿಲ್ಲ. ಐದು ಜನ ಐದು ಶ್ರುತಿಯಲ್ಲಿ ಶುರು ಮಾಡಿ, ಮಂಗಳಾರತಿ ಹೊತ್ತಿಗೆ ಏಳು ಶ್ರುತಿಗೆ ತಂದು ನಿಲ್ಲಿಸುತ್ತಾರೆ. ಪ್ರಸಾದ ಬೇರೆ ಕೊಡುತ್ತಾರೆ.

ಇರಲಿ, ಹೊಸಬರು ಹಾಡಲಿ, ನಗಿಸಲಿ. ನಾನೂ ಹೋಗೋಣವೆಂದೇ ಮೊಬೈಲ್ ತೆಗೆದೆ. ಟಿಕೆಟ್ 499 ರೂಪಾಯಿ. ಯಾಕೆ 499 ಗೊತ್ತಾ? 500ರವರೆಗಿನ ಸಂಗೀತ ಕಾರ್ಯಕ್ರಮದ ಟಿಕೆಟ್‌ಗೆ 2018ರಿಂದ ಜಿಎಸ್‌ಟಿ ಇಲ್ಲ. ದಾಟಿದರೆ 18 ಪರ್ಸೆಂಟ್. ಅಬ್ಬಾ, ನಮ್ಮ ಮೇಲೆ ಎಷ್ಟು ಕರುಣೆ ಅಂದುಕೊಂಡೆ. ಒತ್ತಿದರೆ ಆ 499 ಯಾವಾಗಲೋ ಖಾಲಿ. ಉಳಿದಿದ್ದು ವೇದಿಕೆ ಮುಂದಿನ 1,999ರ ಫ್ಯಾನ್‌ಪಿಟ್. ಹೆಸರೇ ಹೇಳುವ ಹಾಗೆ ಅದೊಂದು ಗುಂಡಿ. ಕುರ್ಚಿ ಇಲ್ಲ. ಜಾಸ್ತಿ ದುಡ್ಡು ಕೊಟ್ಟವರು ನಿಂತುಕೊಳ್ಳಬೇಕು. ಅದರ ಮೇಲೆ ಜಿಎಸ್‌ಟಿ. ಆಮೇಲೆ ಕನ್ವೀನಿಯನ್ಸ್ ಫೀ, ಅಂದರೆ ಅನುಕೂಲದ ಶುಲ್ಕ, ಅದಕ್ಕೂ ಜಿಎಸ್‌ಟಿ. ಕೌಂಟರ್ ಮುಚ್ಚಿದ್ದು ಅವರು, ಬೆರಳು ಸವೆಸಿದ್ದು ನಾನು, ಅನುಕೂಲ ಯಾರಿಗಾಯಿತು? ನಿಯಮಗಳನ್ನೂ ಓದಿದೆ. ಮನೆಯ ನೀರಿನ ಬಾಟಲಿ ತರುವಂತಿಲ್ಲ. ಹೊರಗೆ ಹೋದರೆ ಮತ್ತೆ ಒಳಗೆ ಬಿಡುವುದಿಲ್ಲ. ಮಳೆ ಬಂದರೂ ದುಡ್ಡು ವಾಪಸ್ಸಿಲ್ಲ.

ಸುಮ್ನೆ ರಸ್ತೆಯಲ್ಲಿ ನಿಂತು ಹಾಡಲಿ ಅಂತೀರಾ? 2025ರ ಫೆಬ್ರುವರಿಯಲ್ಲಿ ಇಂಗ್ಲೆಂಡಿನ ಪಾಪ್ ಗಾಯಕ ಎಡ್ ಶೀರನ್ ಬೆಂಗಳೂರಿನ ಚರ್ಚ್ ಸ್ಟ್ರೀಟಿನಲ್ಲಿ ಗಿಟಾರ್ ಹಿಡಿದು ನಿಂತಾಗ ಏನಾಯಿತು? ಪೊಲೀಸಪ್ಪ ಬಂದು ವೈರ್ ಕಿತ್ತ. ಅನುಮತಿ ಇತ್ತು ಅಂತ ಹಾಡಿದವರು, ಇರಲಿಲ್ಲ ಅಂತ ಪೊಲೀಸರು. ಅಪ್ಪಟ ಹರದೇಶಿ-ನಾಗೇಶಿ! ಈ ಊರಲ್ಲಿ ಪುಕ್ಕಟೆ ಹಾಡಿದರೆ ಮಾತ್ರ ಟ್ರಾಫಿಕ್ ಜಾಮ್ ಆಗುತ್ತದೆ.

ನಗು ಬರುತ್ತಿಲ್ಲ, ನಿಜ ಹೇಳುತ್ತೇನೆ. ಜಾತ್ರೆಯಲ್ಲಿ ರಾತ್ರಿಯಿಡೀ ಗಂಟಲು ಹರಿದುಕೊಂಡವನಿಗೆ ಸರ್ಕಾರದ ಮಾಸಾಶನ ಎರಡು, ಎರಡೂವರೆ ಸಾವಿರ. ಅದಕ್ಕೂ 58 ದಾಟಿರಬೇಕು. ಹಾಡಿದ್ದಕ್ಕೆ ಸಾಕ್ಷಿಯಾಗಿ ಪತ್ರ, ಫೋಟೊ ಹೊಂದಿಸಿಕೊಂಡು ಕಚೇರಿ ಅಲೆಯಬೇಕು. ಓದು ಬರಹ ಬಾರದ ಹೆಂಗಸು ಸಾವಿರ ಹಾಡು ಬಾಯಲ್ಲಿಟ್ಟುಕೊಂಡು ಬಂದರೆ, ‘ದಾಖಲೆ ಎಲ್ಲಮ್ಮಾ?’ ನಾವು ಗುಂಡಿಯಲ್ಲಿ ಎರಡು ತಾಸು ನಿಲ್ಲಲು ಕೊಡುವ ದುಡ್ಡು ಅವಳ ಒಂದು ತಿಂಗಳು. ಪೋಸ್ಟರಿನಲ್ಲಿ ‘ಫೋಕ್’ ಅನ್ನುವ ಪದ ಮಾತ್ರ ಎಷ್ಟು ಚೆನ್ನಾಗಿ ಕಾಣುತ್ತದೆ.

ಹೆಂಡತಿಯ ಸೋದರತ್ತೆ ಗದಗದ ಕಡೆಯವರು, ಮನೆಗೆ ಬಂದಿದ್ದರು. ಮದುವೆ ಮನೆಯಲ್ಲಿ ಬೀಗರ ಹಾಡು ಹೇಳುವುದರಲ್ಲಿ ಎತ್ತಿದ ಕೈ. ಇವರ ಬಾಯಿಗೆ ಹೆದರಿ ಊಟ ಬಿಟ್ಟೆದ್ದ ಬೀಗಿತ್ತಿಯರಿದ್ದಾರೆ. ಪೋಸ್ಟರ್ ತೋರಿಸಿ, ಇದು ನಗೆ ಹಾಡಿನ ಮೇಳ ಅಂದೆ.

‘ಊಟ ಹಾಕ್ತಾರೇನು?’

‘ಇಲ್ಲ. ನೀರನ್ನೂ ಒಳಗೇ ಕೊಳ್ಳಬೇಕು.’

ಅತ್ತೆ ಒಂದು ಗಳಿಗೆ ಸುಮ್ಮನಿದ್ದರು. ಆಮೇಲೆ ತಟ್ಟೆ ಕುಟ್ಟುತ್ತಾ ಎತ್ತಿಯೇಬಿಟ್ಟರು:

‘ಬೀಗ ಬಂದಾನ ನೋಡ, ಬಾಗಲ್ದಾಗ ನಿಂತಾನ,
ಹಾಡು ಕೇಳಾಕ ಕರದು ನೀರಿಗೆ ರೊಕ್ಕ ಬೇಡ್ಯಾನ...’

ಹೆಂಡತಿ ದನಿ ಕೂಡಿಸಿದಳು. ನಾನು ಮೂರನೇ ಶ್ರುತಿ ಹಿಡಿದೆ. ಎರಡನೇ ನುಡಿ ಮುಗಿಯುವಷ್ಟರಲ್ಲಿ ಕೆಳಗಿನ ಮನೆಯವರ ಫೋನ್ ಬಂತು, ಗಂಟೆ ಹತ್ತಾಯಿತು ಸಾರ್ ಅಂತ.