ಸಂಖ್ಯೆ ಸರಿಯಿದ್ದರೆ ಸಾಕಾ?
ಮಗು ಆಗದಿದ್ದಾಗ ವೀರ್ಯಾಣುಗಳ ಸಂಖ್ಯೆ ಸರಿಯಿದ್ದರೆ ಗಂಡಸಿನಲ್ಲಿ ದೋಷವಿಲ್ಲ ಅಂತ ಲೇಖನದಲ್ಲಿ ಬರೆದಿದ್ದೀರಿ. ಅಷ್ಟೇ ಸಾಲದು ಸರ್. ವೀರ್ಯಾಣು ಬೆಳೆಯುವಾಗ ಡಿಎನ್‌ಎ ಸುತ್ತಿಕೊಂಡಿದ್ದ ಹಿಸ್ಟೋನ್ ಪ್ರೋಟೀನುಗಳು ಬಹುಪಾಲು ಹೋಗಿ ಆ ಜಾಗಕ್ಕೆ ಪ್ರೋಟಮಿನ್ 1 ಮತ್ತು 2 ಅನ್ನುವ ಬೇರೆ ಪ್ರೋಟೀನುಗಳು ಬರುತ್ತವೆ, ಮನುಷ್ಯರಲ್ಲಿ ಇವೆರಡೂ ಹೆಚ್ಚುಕಡಿಮೆ ಸಮವಾಗಿರಬೇಕು. ಡಿಎನ್‌ಎ ಅಷ್ಟು ಬಿಗಿಯಾಗಿ ಅಡಕವಾಗುವುದು ಈ ಪ್ರೋಟಮಿನ್‌ಗಳಿಂದಲೇ. ಇವೆರಡರ ಪ್ರಮಾಣದ ಲೆಕ್ಕ ತಪ್ಪಿದರೆ ಡಿಎನ್‌ಎ ತುಂಡಾಗುವ ಸಾಧ್ಯತೆ ಜಾಸ್ತಿ, ಮಾಮೂಲಿ ವೀರ್ಯ ಪರೀಕ್ಷೆಯಲ್ಲಿ ಅದು ಕಾಣುವುದೇ ಇಲ್ಲ! ಇಲ್ಲಿ ಮುಂಬೈ ಕಡೆ, ಡೊಂಬಿವಲಿಯ ನಮ್ಮ ಕನ್ನಡದ ಮನೆಗಳಲ್ಲೂ ಮಗು ಆಗದಿದ್ದರೆ ಮೊದಲು ಸೊಸೆಯನ್ನೇ ಡಾಕ್ಟರ್ ಹತ್ತಿರ ಓಡಿಸುತ್ತಾರೆ, ಮಗನ ರಿಪೋರ್ಟ್ ನಾರ್ಮಲ್ ಅಂದ ಕೂಡಲೇ ಸುಮ್ಮನಾಗಿಬಿಡುತ್ತಾರೆ. ಅನ್ಯಾಯ ಅಲ್ವಾ? ಪದೇ ಪದೇ ಗರ್ಭ ನಿಲ್ಲದಿದ್ದರೆ ಗಂಡನ ಡಿಎನ್‌ಎ ಫ್ರಾಗ್ಮೆಂಟೇಷನ್ (ತುಂಡಾಗಿರುವುದನ್ನು ನೋಡುವ) ಪರೀಕ್ಷೆಯ ಬಗ್ಗೆಯೂ ಡಾಕ್ಟರನ್ನು ಕೇಳಿ.